ಸೂಜಿ ಕೆಳಗಿಡಿ ಮೇಷ್ಟ್ರೇ
ಏನ್ ಮೇಷ್ಟ್ರೇ, ಒಂದು ಕೈಯಲ್ಲಿ ರೌಟರು, ಇನ್ನೊಂದು ಕೈಯಲ್ಲಿ ಗುಂಡುಸೂಜಿ! ತಡೀರಿ, ತಡೀರಿ, ಆ ತೂತಿಗೆ ಚುಚ್ಚಬೇಡಿ. ಕಾಂಪೌಂಡ್ ಹತ್ರ ಬನ್ನಿ, ಏನಾಯ್ತು ಹೇಳಿ.

ಓಹೋ. ಮಗರಾಯ ದಸರಾಕ್ಕೆ ಬಂದವನು ಸೆಟ್ಟಿಂಗ್ಸ್ ತೆಗೆದು ರೌಟರಿನ ವಿಳಾಸ ಬದಲಾಯಿಸಿದ, 'ಸೇವ್' ಒತ್ತಿದ, ಪುಟ ಗಿರಗಿರ ತಿರುಗ್ತಾ ಕೂತ್ಕೊಳ್ತು. ಅಷ್ಟರಲ್ಲಿ ಅವನ ಬಸ್ಸಿಗೆ ಹೊತ್ತಾಯ್ತು. ಈಗ ವೈಫೈ ಪಾಸ್‌ವರ್ಡ್ ಬದಲಾಯಿಸೋಣ ಅಂದ್ರೆ ನಿಮ್ಮನ್ನ ಒಳಗೇ ಬಿಡ್ತಿಲ್ಲ. ಇಂಟರ್ನೆಟ್ ಬರ್ತಿತ್ತು ತಾನೆ? ಬರ್ತಿತ್ತಲ್ಲ, ಹಾಗಾದ್ರೆ ರೌಟರ್ ಗಟ್ಟಿಮುಟ್ಟಾಗಿದೆ ಬಿಡಿ. ಪುಟ ತಿರುಗ್ತಾ ಕೂತಿದ್ದೂ ಸಹಜವೇ. ಅದು ಹಳೇ ವಿಳಾಸದಲ್ಲಿದ್ದ ಪುಟ. ಒತ್ತಿದ ತಕ್ಷಣ ವಿಳಾಸ ಬದಲಾಯ್ತು, ಉತ್ತರ ಕೊಡೋಕೆ ಅಲ್ಲಿ ಯಾರಿದಾರೆ?

ಹುಡುಗನ್ನ ಬೈಬೇಡಿ, ಅವನು ಮಾಡಿದ್ದು ಸರಿಯಾಗೇ ಇದೆ. ಫೈಬರ್‌ನವರು ಗೋಡೆಗೆ ಹೊಡೆದು ಹೋದ ಡಬ್ಬಿ ಇದೆಯಲ್ಲ, ಅದರ ವಿಳಾಸ 192.168.1.1. ನೀವು ಅಂಗಡಿಯಿಂದ ತಂದ ಈ ರೌಟರಿಂದೂ ಅದೇ ಆಗಿತ್ತು. ಎರಡಕ್ಕೂ ಒಂದೇ ನಂಬರಾದ್ರೆ ಯಾವುದು ಒಳಗಿಂದು, ಯಾವುದು ಹೊರಗಿಂದು ಅಂತ ರೌಟರಿಗೆ ತಿಳಿಯೋದಿಲ್ಲ. ಅದಕ್ಕೇ ನಿಮ್ಮದನ್ನ 192.168.2.1ಕ್ಕೋ ಇನ್ಯಾವುದಕ್ಕೋ ಸರಿಸಿರ್ತಾನೆ.

ಎಲ್ಲರ ಮನೇಲೂ ಇದೇ ನಂಬರು ಯಾಕೆ ಅಂತೀರಾ? ಅದೊಂದು ಕಥೆ. ಈ ನಾಲ್ಕು ತುಂಡಿನ ನಂಬರ್‌ಗಳು ಇಡೀ ಪ್ರಪಂಚಕ್ಕೆ ಸೇರಿ ಸುಮಾರು 429 ಕೋಟಿ ಅಷ್ಟೇ. ಸಾಲೋದಿಲ್ಲ ಅಂತ ಮೊದಲೇ ಗೊತ್ತಾಗಿತ್ತು. 1996ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 1918 ಅನ್ನೋ ದಾಖಲೆಯಲ್ಲಿ ಮೂರು ಗುಂಪನ್ನ ಮನೆಯೊಳಗಿನ, ಆಫೀಸಿನೊಳಗಿನ ಬಳಕೆಗೆ ಅಂತ ಬಿಟ್ಟರು: 10ರಿಂದ ಶುರುವಾಗೋವು, 172.16ರಿಂದ 172.31ರವರೆಗಿನವು, ಮತ್ತೆ ಈ 192.168. ಇವನ್ನ ಯಾರು ಬೇಕಾದ್ರೂ ಇಟ್ಕೋಬಹುದು, ಕಾಂಪೌಂಡ್ ದಾಟಿದ್ರೆ ಬೆಲೆಯಿಲ್ಲ. 2011ರ ಫೆಬ್ರವರಿಯಲ್ಲಿ ಇಡೀ ಪ್ರಪಂಚಕ್ಕೆ ನಂಬರ್ ಹಂಚೋ ಕೇಂದ್ರದ ದಾಸ್ತಾನು ಖಾಲಿ ಆದ ಮೇಲೂ ನಮ್ಮ ಫೋನು, ಟೀವಿ ನಡೀತಿರೋದಕ್ಕೆ ಈ ಉಪಾಯವೂ ಒಂದು ಕಾರಣ. ಆದ್ರೆ 192.168 ಒಂದರಲ್ಲೇ 65,536 ನಂಬರಿದೆ ಸ್ವಾಮಿ! ಅಷ್ಟಿದ್ರೂ ಎಷ್ಟೋ ಕಂಪನಿಗಳು 0.1 ಇಲ್ಲಾ 1.1 ಬಿಟ್ಟು ಅಲ್ಲಾಡಲ್ಲ. ಸೋಮಾರಿತನ ಅಂತೀನಿ ನಾನು.

ಏನಂದ್ರಿ? ಹಳೇ ನಂಬರ್ ಹೊಡೆದ್ರೆ ಲಾಗಿನ್ ಪುಟ ಬರುತ್ತೆ, ಪಾಸ್‌ವರ್ಡ್ ಮಾತ್ರ ತಪ್ಪು ಅನ್ನುತ್ತಾ? ಸಿಕ್ಕಿತು ನೋಡಿ ಕಳ್ಳ! ಅದು ನಿಮ್ಮ ರೌಟರಿನ ಪುಟ ಅಲ್ಲವೇ ಅಲ್ಲ, ಗೋಡೆ ಡಬ್ಬೀದು. ರೌಟರು 1.1 ಬಿಟ್ಟುಕೊಟ್ಟಿದೆಯಲ್ಲ, ಈಗ ಆ ನಂಬರ್ ಹೊಡೆದ್ರೆ ಅದನ್ನ ಹಾದು ಸೀದಾ ಫೈಬರ್ ಡಬ್ಬಿಗೆ ಹೋಗುತ್ತೆ. ಬಾಡಿಗೆಯವರು ಮನೆ ಬದಲಾಯಿಸಿದ ಮೇಲೂ ಹಳೇ ಮನೆ ಬಾಗಿಲಿಗೆ ಅವರ ಬೀಗದ ಕೈ ಹಾಕಿ ತಿರುಗಿಸ್ತಾ ಇದೀರಿ. ಪುಟದ ಮೇಲೆ ಬರೆದಿರೋ ಕಂಪನಿ ಹೆಸರು ನೋಡಿದ್ರಾ? ಅದನ್ನ ಯಾರೂ ನೋಡೋಲ್ಲ.

ಹೊಸ ನಂಬರ್ ಮಗನ್ನ ಕೇಳಬೇಕಾಗಿಲ್ಲ. ರೌಟರನ್ನ ಮತ್ತೆ ಹಚ್ಚಿ, ಫೋನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ, ವಿವರದಲ್ಲಿ 'ಗೇಟ್‌ವೇ' ಅಂತಿರುತ್ತೆ, ಅದೇ. ಐಫೋನಾದ್ರೆ 'ರೌಟರ್' ಅಂತ. ಕಂಪ್ಯೂಟರಾದ್ರೆ ಕಪ್ಪು ಕಿಟಕೀಲಿ 'ಐಪಿಕಾನ್ಫಿಗ್' ಅಂತ ಹೊಡೀರಿ. ಆ ನಂಬರ್ ಬ್ರೌಸರಿನ ಮೇಲಿನ ಪಟ್ಟಿಗೆ ಹಾಕಿ, ಗೂಗಲ್ ಹುಡುಕೋ ಡಬ್ಬಿಗಲ್ಲ. ಫೋನಿಂದ ನೋಡೋದಾದ್ರೆ ಮೊಬೈಲ್ ಡೇಟಾ ಆರಿಸಿ.

ಕಂಪ್ಯೂಟರ್ ಇನ್ನೂ 192.168.1ರ ನಂಬರೇ ಹಿಡ್ಕೊಂಡಿದ್ರೆ ವೈಫೈ ಬಿಟ್ಟು ಮತ್ತೆ ಸೇರಿಸಿ, ಹೊಸ ಸಾಲಿನ ನಂಬರ್ ಸಿಗುತ್ತೆ. 169.254ರಿಂದ ಶುರುವಾದ್ರೆ ಮಾತ್ರ ಅದಕ್ಕೆ ಯಾರೂ ನಂಬರ್ ಕೊಟ್ಟಿಲ್ಲ ಅಂತ ಅರ್ಥ. ಆಗ ಕೈಯಾರೆ 192.168.2.10, ಮಾಸ್ಕ್ 255.255.255.0 ಅಂತ ಹಾಕಿ ನುಗ್ಗೋದೇ. ಮಗ ಇಟ್ಟ ಸಾಲು ಬೇರೆಯಾಗಿದ್ರೆ ಆ ಸಾಲಿಂದು. ಅದು ಬೇಕಾಗಲ್ಲ ನಿಮಗೆ, ಇಂಟರ್ನೆಟ್ ಬರ್ತಿತ್ತಲ್ಲ.

ಸೂಜಿ ಚುಚ್ಚಿದ್ರೆ ಏನಾಗ್ತಿತ್ತು ಗೊತ್ತಾ? ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿ ರೌಟರು ಮತ್ತೆ 1.1ಕ್ಕೆ ಬಂದು ಕೂರ್ತಿತ್ತು, ಗೋಡೆ ಡಬ್ಬಿ ಜೊತೆ ಮೊದಲಿನ ಜಗಳವೇ. ಕೆಲವು ರೌಟರುಗಳು ಡಿಕ್ಕಿ ಗೊತ್ತಾದ ತಕ್ಷಣ ತಾವೇ ಪಕ್ಕಕ್ಕೆ ಸರೀತವೆ. ನಿಮ್ಮದು ಅಷ್ಟು ಜಾಣ ಅಲ್ಲ ಅನ್ಸುತ್ತೆ.

ಇನ್ನೊಂದು ವಿಷಯ, ಗೇಟಿನ ಕ್ಯಾಮೆರಾ ಫೋನಲ್ಲಿ ಕಾಣ್ತಿದೆಯಾ? ದಸರಾ ಆದ ಮೇಲಿಂದ ಇಲ್ಲ ಅಲ್ವಾ, ಅನ್ಕೊಂಡೆ. ಕ್ಯಾಮೆರಾ ಹಾಕಿದ ಹುಡುಗ ಅದರ ರೆಕಾರ್ಡಿಂಗ್ ಡಬ್ಬಿ ಡಿವಿಆರ್‌ಗೆ 1ರ ಸಾಲಿನ ನಂಬರ್ ಖಾಯಂ ಮಾಡಿ ಹೋಗಿರ್ತಾನೆ. ಟೀವಿಗೆ ಹಚ್ಚಿ, ನೆಟ್‌ವರ್ಕ್ ಅಂತಿರೋ ಕಡೆ ನಂಬರ್ ತಾನಾಗೇ ಪಡೆಯೋ ಡಿಎಚ್‌ಸಿಪಿ ಆನ್ ಮಾಡಿದ್ರೆ ಸಾಕು. ಅದಕ್ಕೆ ಮೌಸ್ ಬೇಕು. ಇಲ್ವಾ? ನಮ್ಮನೇಲಿ ಹಳೇದೊಂದಿದೆ, ಕೊಡ್ತೀನಿ. ಆದ್ರೆ ಹೋದ ವರ್ಷದ ಏಣಿ ಥರ ಮಾಡಬೇಡಿ, ನಾಳೆ ಸಂಜೆ ಒಳಗೆ ವಾಪಸ್ ಬರಬೇಕು.