ಮೀನಿನ ಕುಲಗೋತ್ರ

ಋಷಿಮೂಲ, ನದೀಮೂಲ ಕೇಳಬಾರದು ಎಂದರು ಹಿರಿಯರು. ಮೀನಿನ ಮೂಲ ಕೇಳಬಾರದೆಂದು ಮಾತ್ರ ಯಾರೂ ಹೇಳಲಿಲ್ಲ. ಅದೇ ಸಂದಿಯಲ್ಲಿ ನುಸುಳಿದ ಇಂಗ್ಲಿಷರು ತಮ್ಮ ಸಿಹಿನೀರಿನ ಮೀನುಗಳಿಗೆಲ್ಲ ಜಾತಿ ಪ್ರಮಾಣಪತ್ರ ಬರೆದಿಟ್ಟಿದ್ದಾರೆ. ಸಾಲ್ಮನ್ ಮತ್ತು ಟ್ರೌಟ್ ಮೇಲಿನ ಪಂಕ್ತಿಯವು. ಅವು ‘ಗೇಮ್ ಫಿಶ್’. ಪೈಕ್, ಪರ್ಚ್, ರೋಚ್, ಬ್ರೀಮ್, ಟೆಂಚ್ ಮುಂತಾದವೆಲ್ಲ ಹೊರಗಿನ ಜಗಲಿಯವು. ಅವು ‘ಕೋರ್ಸ್ ಫಿಶ್’. ಹಿಡಿಯುವವರಿಗೂ ಇದೇ ವಿಂಗಡಣೆ. ಟ್ರೌಟಿನ ಮನುಷ್ಯ ಟ್ವೀಡ್ ಕೋಟು ತೊಟ್ಟು, ಗರಿಯಿಂದ ಕಟ್ಟಿದ ಹುಸಿ ನೊಣವನ್ನು ನೀರಿನ ಮೇಲೆ ಹಗುರಾಗಿ ಇಳಿಸುವವನು. ರೋಚಿನ ಮನುಷ್ಯ ಕಾಲುವೆಯ ದಡದಲ್ಲಿ ಹುಳದ ಡಬ್ಬಿ ಇಟ್ಟುಕೊಂಡು ಬೆಂಡನ್ನೇ ದಿಟ್ಟಿಸುವವನು.

ಈ ಕೆಳಗಿನ ಪಂಕ್ತಿಗೆ ಕಾನೂನಿನ ಆಸರೆ ಸಿಕ್ಕಿದ್ದು 1878ರಲ್ಲಿ. ಚೂರಿ ಚಾಕುಗಳ ಊರಾದ ಶೆಫೀಲ್ಡಿನ ಸಂಸದ ಮುಂಡೆಲಾ ತಂದ ಕಾಯಿದೆ ಅದು. ಮೊಟ್ಟೆಯಿಡುವ ಕಾಲದಲ್ಲಿ ಕೋರ್ಸ್ ಮೀನನ್ನು ಹಿಡಿಯಬಾರದು ಎಂದು ಅದು ಹೇಳಿತು. ಇಂಗ್ಲೆಂಡಿನ ಹೊಳೆಗಳಲ್ಲಿ ಇಂದಿಗೂ ಮಾರ್ಚ್ 15ರಿಂದ ಜೂನ್ 15ರವರೆಗೆ ಅವಕ್ಕೆ ಬಾಣಂತನದ ರಜೆಯಿದೆ.

ಮೀನು ತಿನ್ನದವನಾದ ನನಗೆ ಇಷ್ಟೆಲ್ಲ ಯಾಕೆ ಗೊತ್ತು ಎಂದರೆ, ನನ್ನ ಅಳಿಯ ಕುಂದಾಪುರದವನು, ಬ್ರಿಸ್ಟಲಿನಲ್ಲಿ ಕೆಲಸ. ಮಗಳು ಮದುವೆಯಾದ ಮರುವರ್ಷವೇ ಪಕ್ಷಾಂತರ ಮಾಡಿ ಗಸಿ, ಪುಳಿಮುಂಚಿ ಎಂದೆಲ್ಲ ಮಾತಾಡತೊಡಗಿದಳು. ಕುಂದಾಪುರದವರಿಗೆ ಮೀನಿನ ವಿಷಯದಲ್ಲಿ ಅವರದೇ ಒಂದು ವರ್ಣಾಶ್ರಮವಿದೆ. ಕಡಲಿನದು ಮೀನು, ಹೊಳೆಯದು, ಕೆರೆಯದು ಏನೋ ಒಂದು ತರಕಾರಿ. ಇಂಥ ಮನೆತನದ ಹುಡುಗ ಬ್ರಿಸ್ಟಲಿಗೆ ಹೋಗಿ ಕೆರೆಯ ಪೈಕ್ ಮೀನಿನ ಹಿಂದೆ ಬಿದ್ದದ್ದು ಅವನ ತಾಯಿಗೆ ಇನ್ನೂ ಜೀರ್ಣವಾಗಿಲ್ಲ.

ಬ್ರಿಸ್ಟಲಿನ ಕುಡಿಯುವ ನೀರಿನ ಒಂದು ಪಾಲು ಬರುವುದು ತೆಂಕಣ ದಿಕ್ಕಿನ ಮೆಂಡಿಪ್ ಗುಡ್ಡಗಳ ಬುಡದ ಜಲಾಶಯಗಳಿಂದ. ಬ್ಲ್ಯಾಗ್ಡನ್ ಹಳೆಯದು; ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅದರಲ್ಲಿ ಟ್ರೌಟ್ ಹಿಡಿಯಲು ಶುರು ಮಾಡಿದ್ದರು. ಜಲಾಶಯದಲ್ಲಿ ಟ್ರೌಟ್ ಸಾಕಬಹುದು ಎಂಬ ಹುಚ್ಚು ಇಂಗ್ಲೆಂಡಿಗೆಲ್ಲ ಹಬ್ಬಿದ್ದಕ್ಕೆ ಬ್ಲ್ಯಾಗ್ಡನ್‌ನ ಕೀರ್ತಿಯೂ ಒಂದು ಕಾರಣ. ಅದರ ಪಕ್ಕದ ಚ್ಯೂ ವ್ಯಾಲಿ ಲೇಕ್ ದೊಡ್ಡದು, ಸುಮಾರು 1,200 ಎಕರೆ. 1956ರಲ್ಲಿ ರಾಣಿ ಎಲಿಜಬೆತ್ ಬಂದು ಉದ್ಘಾಟಿಸಿದರು. ಅದರಡಿ ಮೋರ್ಟನ್ ಎಂಬ ಪುಟ್ಟ ಹಳ್ಳಿ ಮುಳುಗಿದೆ ಎಂದು ಅಳಿಯ ದೋಣಿಯಿಂದ ಕೈ ತೋರಿಸಿದಾಗ ನನಗೆ ಕನ್ನಂಬಾಡಿ ನೆನಪಾಯಿತು, ಲಿಂಗನಮಕ್ಕಿಯೂ ನೆನಪಾಯಿತು. ಅಣೆಕಟ್ಟೆಯ ನೀರು ಯಾವ ದೇಶದ್ದಾದರೂ ತಳದಲ್ಲಿ ಒಂದು ಊರು ಇದ್ದೇ ಇರುತ್ತದೆ.

ಇನ್ನು ಟ್ರೌಟ್ ವಿಷಯ. ಈ ಜಲಾಶಯಗಳಲ್ಲಿ ಹೆಚ್ಚಾಗಿ ಬಿಡುವುದು ರೇನ್‌ಬೋ ಟ್ರೌಟ್. ಅದು ಅಮೆರಿಕದ ಪಶ್ಚಿಮ ಕರಾವಳಿಯ ಮೀನು. 1880ರ ದಶಕದಲ್ಲಿ ಮೊಟ್ಟೆಯ ರೂಪದಲ್ಲಿ ಹಡಗು ಹತ್ತಿ ಬ್ರಿಟನ್ನಿಗೆ ಬಂತು. ಅಲ್ಲಿನ ನೀರಿನಲ್ಲಿ ಅದು ಸಂತಾನ ಬೆಳೆಸುವುದು ತೀರಾ ಅಪರೂಪ. ಈಗ ಬಿಡುವವುಗಳಲ್ಲಿ ಬಹುಪಾಲು ಸಾಕಣೆ ಕೇಂದ್ರದಲ್ಲೇ ಬಂಜೆ ಮಾಡಿ ಕಳಿಸಿದವು. ಹಾಗಾಗಿ ಕೊಳದಲ್ಲಿ ಬೆಳೆಸಿ, ಗುಳಿಗೆ ತಿನ್ನಿಸಿ, ಲಾರಿಯಲ್ಲಿ ತಂದು ಸುರಿಯಬೇಕು. ಹಿಡಿದಷ್ಟೂ ಮತ್ತೆ ತರಬೇಕು. ಹೊರಗಿನಿಂದ ಬಂದು, ಸರ್ಕಾರಿ ಹಾಸ್ಟೆಲಿನ ಊಟದಲ್ಲಿ ಬೆಳೆದ ಈ ಮೀನೇ ಇಲ್ಲಿ ಮೇಲ್ಜಾತಿಯದು.

ಪೈಕ್ ಆದರೋ ಆ ನಾಡಿನ ಹಳೆಯ ಒಕ್ಕಲು. ಹದಿನಾಲ್ಕನೆಯ ಶತಮಾನದಲ್ಲಿ ಚಾಸರ್ ಬರೆದ ಕ್ಯಾಂಟರ್ಬರಿ ಕಥೆಗಳಲ್ಲಿ ಒಬ್ಬ ಊಟಪ್ರಿಯ ಜಮೀನ್ದಾರ ಬರುತ್ತಾನೆ. ಅವನ ಕೊಳದಲ್ಲಿ ಆಗಲೇ ಪೈಕ್ ಇದೆ. ಅದಕ್ಕೆ ಯಾರೂ ಮೇವು ಹಾಕುವುದಿಲ್ಲ, ಲಾರಿ ತರುವುದಿಲ್ಲ. ನೀರು ನಿಲ್ಲಿಸಿದಿರೋ, ತನ್ನ ಪಾಡಿಗೆ ತಾನು ಜೊಂಡಿನ ನಡುವೆ ಸಂಸಾರ ಹೂಡುತ್ತದೆ. ಆಮೇಲೆ ಪ್ರತಿ ಲಾರಿಯನ್ನೂ ಗಮನಿಸುತ್ತದೆ. ಟ್ರೌಟ್ ಮರಿಗಳನ್ನು ಬಿಟ್ಟ ಜಾಗದ ಸುತ್ತಮುತ್ತ ದೊಡ್ಡ ಪೈಕ್‌ಗಳು ಬಂದು ನೆರೆಯುತ್ತವೆಂದು ಮೀನುಗಾರರೆಲ್ಲ ಹೇಳುತ್ತಾರೆ. ಗುಳಿಗೆ ಎಸೆಯುವ ಕೈಯನ್ನಷ್ಟೇ ಕಂಡು ಬೆಳೆದ ಟ್ರೌಟಿಗೆ ಜೊಂಡಿನ ನೆರಳಲ್ಲಿ ಹಲ್ಲು ಇರಬಹುದೆಂಬ ಕಲ್ಪನೆಯೂ ಇರುವುದಿಲ್ಲ.

ಜಲಾಶಯದವರಿಗೆ ಇದು ಸಹ್ಯವಾಗಲಿಲ್ಲ. ಆಗುವುದು ಸಾಧ್ಯವೂ ಇರಲಿಲ್ಲ, ದುಡ್ಡು ಅವರದಲ್ಲವೇ. ಬಹುಕಾಲ ಪೈಕ್ ಎಂದರೆ ಕಳ್ಳ. ಬಲೆ ಹಾಕಿ ಹಿಡಿದು ಕೊಂದು ಹೂಳುತ್ತಿದ್ದರು. ಇದರಲ್ಲಿ ಒಂದು ಎಡವಟ್ಟಿತ್ತು. ಪೈಕಿನ ಮರಿಗಳಿಗೆ ದೊಡ್ಡ ಶತ್ರು ಪೈಕೇ. ಅಜ್ಜಿಗೆ ಹಸಿವಾದರೆ ಮೊಮ್ಮಗನೂ ಆಹಾರ. ದೊಡ್ಡವನ್ನು ತೆಗೆದುಬಿಟ್ಟರೆ ಚಿಕ್ಕವು ನಿರ್ಭಯವಾಗಿ ಹಿಂಡುಗಟ್ಟಿ ಬೆಳೆಯುತ್ತವೆ. ಒಂದು ಮುದುಕಿ ತಿನ್ನುತ್ತಿದ್ದದ್ದನ್ನು ಈಗ ಹತ್ತು ತುಂಟರು ಕೂಡಿ ತಿನ್ನುತ್ತಾರೆ. (ಅಜ್ಜಿ, ಮುದುಕಿ ಎಂದದ್ದು ಬರಿಯ ತಮಾಷೆಗಲ್ಲ. ಭಾರಿ ಗಾತ್ರದ ಪೈಕ್‌ಗಳೆಲ್ಲ ಹೆಣ್ಣೇ. ಗಂಡು ಹತ್ತು ಪೌಂಡು ದಾಟುವುದೇ ಅಪರೂಪ.)

ಕಳ್ಳನ ಹಣೆಬರಹ ತಿರುಗಿದ್ದು ವೇಲ್ಸ್‌ನ ಲ್ಯಾಂಡೆಗ್‌ವೆದ್ ಜಲಾಶಯದಲ್ಲಿ. ಅದೂ ಆಗ ಟ್ರೌಟ್ ಸಾಕುತ್ತಿದ್ದ ಜಾಗವೇ. ಅಲ್ಲಿ ಪೈಕ್ ಹಿಡಿಯಲು ಜನರನ್ನು ಬಿಟ್ಟಾಗ ನೀರಿನಿಂದ ಎದ್ದ ಆಕಾರಗಳನ್ನು ಕಂಡು ಇಡೀ ಬ್ರಿಟನ್ ಬೆರಗಾಯಿತು. 1990ರಲ್ಲಿ 45 ಪೌಂಡು 6 ಔನ್ಸಿನ ಪೈಕ್ ಹಿಡಿದು ದಾಖಲೆ ಮಾಡಿದವರು ಯಾರು ಅಂತೀರಿ? ರಗ್ಬಿಯ ದಂತಕತೆ ಗ್ಯಾರೆತ್ ಎಡ್ವರ್ಡ್ಸ್. ನಮ್ಮ ಜಿ. ಆರ್. ವಿಶ್ವನಾಥ್ ಭದ್ರಾ ಜಲಾಶಯದಲ್ಲಿ ಗಾಳ ಹಾಕಿ ದೇಶದಲ್ಲೇ ದೊಡ್ಡ ಮೀನು ಎಳೆದಿದ್ದರೆ ಪತ್ರಿಕೆಗಳು ಏನು ಮಾಡುತ್ತಿದ್ದವೋ, ಅಲ್ಲೂ ಅದೇ ಆಗಿರಬೇಕು. ಎರಡು ವರ್ಷ ಕಳೆದು, 1992ರಲ್ಲಿ, ಅದೇ ನೀರಿನಲ್ಲಿ ರಾಯ್ ಲೂಯಿಸ್ 46 ಪೌಂಡು 13 ಔನ್ಸಿನದನ್ನು ಎಳೆದರು. ಆ ದಾಖಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಾಡಲಿಲ್ಲ. 2024ರ ಫೆಬ್ರುವರಿಯಲ್ಲಿ ಅದನ್ನು ಮುರಿದದ್ದು ನಮ್ಮ, ಅಂದರೆ ನನ್ನ ಅಳಿಯನ, ಚ್ಯೂ: 47 ಪೌಂಡು 5 ಔನ್ಸು, ಇಪ್ಪತ್ತೊಂದು ಕಿಲೋ ಮೀರಿದ ತೂಕ. ಪೆಟ್ರೋಲನ್ನು ಲೀಟರಿನಲ್ಲಿ ಅಳೆಯಲು ಒಪ್ಪಿಕೊಂಡ ಈ ಜನ ಮೀನನ್ನು ಮಾತ್ರ ಕಿಲೋದಲ್ಲಿ ತೂಗಲು ಸುತರಾಂ ಒಪ್ಪಿಲ್ಲ.

ಈಗ ಯೋಚಿಸಿ. ಇಷ್ಟು ದೊಡ್ಡ ಪೈಕ್ ಬೆಳೆದದ್ದು ಹೇಗೆ? ವಿಸ್ತಾರವಾದ ನೀರು, ಹಿಡಿಯುವವರ ಕಾಟ ಕಡಿಮೆ, ಮತ್ತು ವರ್ಷವರ್ಷವೂ ಲಾರಿಯಲ್ಲಿ ಮನೆ ಬಾಗಿಲಿಗೆ ಬರುವ ಕೊಬ್ಬಿದ ಟ್ರೌಟ್. ಮೇಲ್ಜಾತಿಯವರ ಚಂದಾಹಣದಲ್ಲಿ ಕೆಳಜಾತಿಯ ಮೀನು ದೇಶದಾಖಲೆ ಮಾಡಿತು. ಈ ನ್ಯಾಯ ನನಗೆ ಬಹಳ ಹಿಡಿಸಿದೆ. ಈ ಪ್ರಕರಣದಲ್ಲಿ ನಾನು ಪೂರ್ತಿಯಾಗಿ ಪೈಕಿನ ಪರ. ಜಲಾಶಯದವರಿಗೂ ಜ್ಞಾನೋದಯವಾಗಿದೆ. ಟ್ರೌಟಿನವರು ಮನೆ ಸೇರುವ ಚಳಿಗಾಲದಲ್ಲಿ ಪೈಕಿನ ಹುಚ್ಚರು ದುಡ್ಡು ಹಿಡಿದು ಸಾಲು ನಿಲ್ಲುತ್ತಾರೆ. ನಿನ್ನೆಯವರೆಗೆ ಹೂಳುತ್ತಿದ್ದ ಮೀನಿಗೆ ಇಂದು ಟಿಕೆಟ್ಟು, ಪೈಪೋಟಿ, ಶಿಷ್ಟಾಚಾರ.

ಶಿಷ್ಟಾಚಾರ ಎಂದೆ, ಅದನ್ನು ಕಣ್ಣಾರೆ ಕಂಡೆ. ಚಳಿಗಾಲದ ಕೊನೆಯ ಒಂದು ಬೆಳಗ್ಗೆ ಅಳಿಯ ನನಗೆ ಮೂರು ಪದರ ಉಣ್ಣೆ, ಅದರ ಮೇಲೊಂದು ಲೈಫ್ ಜಾಕೆಟ್ ತೊಡಿಸಿ ದೋಣಿಯಲ್ಲಿ ಕೂರಿಸಿದ. ಅವನ ಪೆಟ್ಟಿಗೆಯಲ್ಲಿ ಅಂಗೈಗಿಂತ ಉದ್ದದ ರಬ್ಬರ್ ಮೀನುಗಳಿದ್ದವು. ಅದರಲ್ಲೊಂದಕ್ಕೆ ಸಾಕ್ಷಾತ್ ರೇನ್‌ಬೋ ಟ್ರೌಟಿನ ಬಣ್ಣ, ಪಕ್ಕೆಯ ಗುಲಾಬಿ ಪಟ್ಟೆಯ ಸಮೇತ. ಟ್ರೌಟಿನವರು ಸಾವಿರ ಸುರಿದು ಕಲಿಸಿದ ಪಾಠವನ್ನು ಪೈಕಿನವನು ರಬ್ಬರಿನಲ್ಲಿ ಒಪ್ಪಿಸುತ್ತಿದ್ದ. ಗಾಳಕ್ಕೂ ದಾರಕ್ಕೂ ನಡುವೆ ಗೇಣುದ್ದದ ತಂತಿ. ಅದಿಲ್ಲದಿದ್ದರೆ ಪೈಕಿನ ಹಲ್ಲು ದಾರವನ್ನು ಕತ್ತರಿಸಿಬಿಡುತ್ತದೆ. ಆಮೇಲೆ ಅದು ಬಾಯಲ್ಲಿ ಗಾಳ ಹೊತ್ತು ತಿರುಗಬೇಕು.

ಮೊದಲು ಬಂದದ್ದು ಒಂದು ಪರ್ಚ್. ತನಗಿಂತ ತುಸುವೇ ಚಿಕ್ಕದಾದ ರಬ್ಬರ್ ಮೀನನ್ನು ನುಂಗಲು ಹೊರಟ ಮಹತ್ವಾಕಾಂಕ್ಷಿ. ಹಸಿರು ಮೈಗೆ ಕಪ್ಪು ಅಡ್ಡಪಟ್ಟೆ, ಕೆಳಗಿನ ಈಜುರೆಕ್ಕೆಗಳು ಕುಂಕುಮದ ಬಣ್ಣ. ಬೆನ್ನಿನ ಮುಳ್ಳುಗಳನ್ನು ಸೆಟೆಸಿ ನಮ್ಮನ್ನೇ ಗದರಿಸಿತು. ಅಳಿಯ ಅದನ್ನು ಗೌರವದಿಂದ ಬೀಳ್ಕೊಟ್ಟ. ಮಧ್ಯಾಹ್ನದವರೆಗೆ ಏನೂ ಇಲ್ಲ. ಫ್ಲಾಸ್ಕಿನ ಕಾಫಿ ಮುಗಿಯಿತು. ನಾನು ಉಪ್ಪಿಟ್ಟಿನ ಡಬ್ಬಿ ತೆರೆದೆ. ಮೀನಿಗೂ ಉಪ್ಪಿಟ್ಟಿಗೂ ಏನು ಸಂಬಂಧವೋ ಕಾಣೆ, ಆ ಕ್ಷಣಕ್ಕೇ ಕೋಲು ಬಾಗಿತು.

“ಮಾವ, ಅಲ್ಲೇ ಕೂತಿರಿ, ಏಳ್ಬೇಡಿ!”

ಏಳುವ ಉದ್ದೇಶ ನನಗೆ ಮೊದಲೇ ಇರಲಿಲ್ಲ. ಪೈಕ್ ಆರಂಭದಲ್ಲಿ ಹೆಚ್ಚು ಜಗ್ಗಲಿಲ್ಲ, ಸೋಮಾರಿಯಂತೆ ಬಂತು. ದೋಣಿಯನ್ನು ಕಂಡದ್ದೇ ತಡ, ತಲೆ ಒದರಿ ಅಡಿಗೆ ನುಗ್ಗಿತು. ಆ ಜಗ್ಗಾಟ ಮುಗಿಸಿ, ಹಸುಗೂಸನ್ನು ಮಲಗಿಸಬಹುದಾದಷ್ಟು ದೊಡ್ಡ ಬಲೆಯಲ್ಲಿ ಎತ್ತಿ, ನೀರು ಚಿಮುಕಿಸಿದ ಮೆತ್ತನೆಯ ಹಾಸಿನ ಮೇಲೆ ಇಟ್ಟ. ಆಗ ಹತ್ತಿರದಿಂದ ನೋಡಿದೆ. ಪಾಚಿ ಹಸಿರು ಮೈತುಂಬ ತಿಳಿಹಳದಿ ಚುಕ್ಕೆ, ಜೊಂಡಿನೊಳಗೆ ಬಿಸಿಲು ಬಿದ್ದ ಹಾಗೆ. ಬೆನ್ನಿನ ರೆಕ್ಕೆ ಬಾಲದ ಬಳಿಗೇ ಸರಿದಿದೆ. ನಿಂತಲ್ಲಿಂದ ಒಮ್ಮೆಲೇ ಎರಗಲು ಬೇಕಾದ ಏರ್ಪಾಡು ಅದು. ಕಣ್ಣುಗಳು ಪಕ್ಕಕ್ಕೆ ನೋಡದೆ ಮುಂದಕ್ಕೆ, ಮೂತಿಯುದ್ದಕ್ಕೆ ಗುರಿಯಿಟ್ಟು ನೋಡುತ್ತವೆ. ಆ ನೋಟದಲ್ಲಿ ನಮ್ಮ ತಾಲ್ಲೂಕು ಕಚೇರಿಯ ಎಲ್ಲ ಕೌಂಟರುಗಳೂ ನೆನಪಾದವು. ಅಳಿಯ ಕಿವಿರಿನ ಮುಚ್ಚಳದಡಿ ಎರಡು ಬೆರಳು ತೂರಿಸಿ, ಒಳಗಿನ ಕೆಂಪಿಗೆ ತಾಗದಂತೆ, ದವಡೆಯನ್ನು ಮೆಲ್ಲಗೆ ಎತ್ತಿದ. ಬಾಯಿ ತೆರೆಯಿತು. ಕೆಳದವಡೆಯಲ್ಲಿ ಕೋರೆಗಳು, ಅಂಗುಳಿನ ತುಂಬ ಒಳಮುಖವಾಗಿ ಬಾಗಿದ ಸಣ್ಣ ಹಲ್ಲುಗಳ ಗದ್ದೆ. ಒಳಗೆ ಹೋಗುವುದು ಸಲೀಸು, ಹೊರಗೆ ಬರುವ ಮಾತಿಲ್ಲ. ಉದ್ದನೆಯ ಇಕ್ಕಳ ಹಾಕಿ ಗಾಳ ತಿರುಚಿದ, ಕಳಚಿಕೊಂಡಿತು. ಜೋಲಿಯಲ್ಲಿ ತೂಕ, ಹದಿನಾಲ್ಕು ಪೌಂಡು. ಒಂದು ಫೋಟೊ. ನೀರಿನಲ್ಲಿ ಬಾಲದ ಬುಡ ಹಿಡಿದು, ಅದು ತಾನಾಗಿ ಕೈ ಒದರುವವರೆಗೆ ಕಾದು, ಬಿಟ್ಟ.

ಬಿಡಲಿಕ್ಕೆ ಹಿಡಿಯಬೇಕೇ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಕೇಳಲಿಲ್ಲ. ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ ದೇವರ ಮೀನಿಗೆ ಪುರಿ ಎರಚುತ್ತ ಬೆಳೆದವನು ನಾನು. ತಿನ್ನುವ ಆಸೆಯಿಲ್ಲದೆ ಮೀನಿನ ಮುಂದೆ ಗಂಟೆಗಟ್ಟಲೆ ಕೂರುವುದು ನಮಗೇನೂ ಹೊಸತಲ್ಲ.

ಆ ದೇವರ ಮೀನು ಮಹಶೀರಿನ ಗುಣಗಾನ ಮಾಡಿದ ಇಂಗ್ಲಿಷನೂ ಒಬ್ಬನಿದ್ದ, ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್. 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ‘ದಿ ರಾಡ್ ಇನ್ ಇಂಡಿಯಾ’ ಈ ದೇಶದ ಗಾಳಗಾರರ ಮೂಲಗ್ರಂಥವೇ ಆಯಿತು. ಜಗ್ಗಾಟದಲ್ಲಿ ಮಹಶೀರ್ ಸಾಲ್ಮನ್ನಿಗಿಂತ ಒಂದು ಕೈ ಮೇಲು ಎಂದು ವಾದಿಸಿದ ಮಹರಾಯ ಅವನು. ಬಣ್ಣ, ಕುಲ ನೋಡದೆ ನಮ್ಮ ಹೊಳೆಯ ಮೀನನ್ನು ಸೀದಾ ಮೇಲಿನ ಪಂಕ್ತಿಯಲ್ಲಿ ಕೂರಿಸಿದ. ಅವನ ಜಾತಿಬಾಂಧವರು ಮಾತ್ರ ಸುಮ್ಮನಿರದೆ ನೀಲಗಿರಿಯ ತೊರೆಗಳಿಗೆ ತಮ್ಮ ಟ್ರೌಟನ್ನೇ ಹೊತ್ತು ತಂದರು. ಅಳಿಯನ ಹದಿನಾಲ್ಕು ಪೌಂಡಿನ ಸಂಭ್ರಮಕ್ಕೆ ಪ್ರತಿಯಾಗಿ ನಾನು 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರನ್ನು ಹೊರತೆಗೆದೆ. ದೇಶಾಭಿಮಾನ ಬೇಕಾದಾಗ ಅಂಕಿಅಂಶ ಕೈಯಳತೆಯಲ್ಲಿ ಇರಬೇಕು.

ಅವನೂ ಬಿಡಲಿಲ್ಲ, ಜರ್ಮನಿಯ ಪೈಕ್ ತಂದ. 1497ರಲ್ಲಿ ಹಿಡಿದದ್ದಂತೆ, ವಯಸ್ಸು 267 ವರ್ಷವಂತೆ, ಕಿವಿರಿನಲ್ಲಿ ಚಕ್ರವರ್ತಿಯೊಬ್ಬ ತೊಡಿಸಿದ ಉಂಗುರವಂತೆ. ಮ್ಯಾನ್‌ಹೈಮಿನಲ್ಲಿ ಅದರ ಅಸ್ಥಿಪಂಜರವನ್ನೂ ಇಟ್ಟಿದ್ದರು. ಬಲ್ಲವರು ಬಂದು ಬೆನ್ನುಮೂಳೆ ಎಣಿಸಿದರೆ ಹಲವು ಪೈಕ್‌ಗಳ ಮೂಳೆ ಜೋಡಿಸಿದ್ದು ಬಯಲಾಯಿತು. ಇಂಗ್ಲೆಂಡಿನ ಐಸಾಕ್ ವಾಲ್ಟನ್ ಗಾಳದ ಮೇಲಿನ ತನ್ನ 1653ರ ಪುಸ್ತಕದಲ್ಲಿ ಕೆಲವು ಪೈಕ್‌ಗಳು ಜೊಂಡಿನಿಂದಲೇ ಹುಟ್ಟುತ್ತವೆ ಎಂಬ ಮಾತನ್ನೂ, ಟೆಂಚ್ ಮೀನು ವೈದ್ಯನಾದ್ದರಿಂದ ಪೈಕ್ ಅದನ್ನು ತಿನ್ನದೆ ಬಿಡುತ್ತದೆ ಎಂಬ ಮಾತನ್ನೂ ಬರೆದಿಟ್ಟ. ಗಾಳ ಹಾಕುವವರ ಜೊತೆ ಮಾತಿಗೆ ಕೂತರೆ ಪುರಾಣವೂ ಇತಿಹಾಸವೂ ಒಂದೇ ಬುಟ್ಟಿಯಲ್ಲಿ ಬರುತ್ತವೆ.

ಎಲ್ಲ ಕಡೆಯೂ ರಬ್ಬರ್ ಮೀನೇ ನಡೆಯುವುದಿಲ್ಲ. ಬೇರೆ ನೀರುಗಳಿಗೆ ಹೋಗುವಾಗ ಅಳಿಯ ಸತ್ತ ಕಡಲ ಮೀನು ಒಯ್ಯುತ್ತಾನೆ. ಪೈಕಿಗೆ ಅದರ ಎಣ್ಣೆಯ ವಾಸನೆ ಪ್ರಾಣ. ಮನೆಯ ಫ್ರೀಜರಿನಲ್ಲಿ ನನ್ನ ಮಗಳ ಐಸ್‌ಕ್ರೀಮಿನ ಪಕ್ಕ, ಸೌತೆಕಾಯಿಯ ವಾಸನೆ ಬರುವ ಸ್ಮೆಲ್ಟ್ ಎಂಬ ಸಣ್ಣ ಮೀನು, ಅದರಡಿ ಭೂತಾಯಿ, ಅದರಡಿ ಪ್ಯಾಕೆಟ್ ಪ್ಯಾಕೆಟ್ ಬಂಗುಡೆ. ಈ ಸಂಗತಿ ಒಂದು ವಿಡಿಯೋ ಕರೆಯಲ್ಲಿ ಕುಂದಾಪುರಕ್ಕೆ ಸೋರಿತು.

“ಎಂತ ಮಗಾ, ತಿಂಬು ಬಂಗ್ಡಿ ನೀರಿಗ್ ಹಾಕೂದಾ?”

ಅಳಿಯ ಮಾತು ತಪ್ಪಿಸಲು ಪೈಕಿನ ಫೋಟೊ ತೋರಿಸಿದ. ಬೀಗಿತ್ತಿಯವರ ಮುಖ ಅರಳಿತು. ಎಷ್ಟು ಜನಕ್ಕೆ ಆಯಿತು ಎಂದು ಕೇಳಿದರು. ಬಿಟ್ಟು ಬಂದೆ ಎಂದ. ನೆಟ್‌ವರ್ಕ್ ಹೋಯಿತೇನೋ ಎನ್ನುವಷ್ಟು ಹೊತ್ತು ಆ ಕಡೆಯಿಂದ ಮಾತಿಲ್ಲ.

“ಹಾಂಗಾರೆ ಬಂಗ್ಡಿಯೂ ಹೋಯ್ತ್, ಹಿಡ್ದ ಮೀನೂ ಹೋಯ್ತ್. ಮೇಲಿಂದ ದುಡ್ಡ್ ಬೇರೆ!”

ಅಳಿಯ ಫೋನನ್ನು ನನ್ನ ಕೈಗೆ ತುರುಕಿ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದ. ಬೀಗಿತ್ತಿ ನನ್ನನ್ನು ನೋಡಿ, “ನೀವಾರೂ ಒಂದ್ ಮಾತ್ ಹೇಳೂಕಾಗಿತ್ತ್” ಎಂದರು. ಮೀನಿನ ವಿಷಯದಲ್ಲಿ ನನ್ನ ಸಲಹೆಗೆ ಕುಂದಾಪುರದಲ್ಲಿ ಬೆಲೆ ಬಂದದ್ದು ಅದೇ ಮೊದಲು.