ಮಳೆಯ ದುಡಿಮೆ, ನಮ್ಮ ಫ್ಲೆಕ್ಸು

ದೇಶದಲ್ಲಿ ಒಳ್ಳೆಯ ಗಾಳಿ ಇರುವ ಊರುಗಳ ಪಟ್ಟಿ ಹೊರಬಿದ್ದಾಗಲೆಲ್ಲ ಮಡಿಕೇರಿಯ ಹೆಸರು ಮೇಲಿನ ಸಾಲುಗಳಲ್ಲಿ ಕಾಣಿಸಿಕೊಳ್ಳುವುದು ಹೊಸತಲ್ಲ. ಆ ದಿನ ಪೇಟೆಯಲ್ಲಿ ಎಲ್ಲರ ಎದೆಯೂ ಎರಡಂಗುಲ ಹಿಗ್ಗಿರುತ್ತದೆ. ಹೋಂಸ್ಟೇಯವರು ಪಟ್ಟಿಯನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಏರಿಸುತ್ತಾರೆ, ಮುಖಂಡರು ತಮ್ಮ ಅವಧಿಯ ಸಾಧನೆಯ ಫ್ಲೆಕ್ಸಿಗೆ ಸೇರಿಸಿಕೊಳ್ಳುತ್ತಾರೆ. ನಿಜವಾಗಿ ದುಡಿದವನಿಗೆ ಮಾತ್ರ ಒಂದು ಹಾರವೂ ಇಲ್ಲ. ಜೂನ್‌ನಲ್ಲಿ ಡ್ಯೂಟಿಗೆ ಹಾಜರಾಗಿ, ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ನೀರು ಸುರಿದು, ಗಾಳಿಯಲ್ಲಿರುವ ದೂಳು, ಮಸಿ, ಹೊಗೆಯನ್ನೆಲ್ಲ ತೊಳೆದು ಹೊಳೆಗೆ ಇಳಿಸುವ ಮಳೆರಾಯನನ್ನು ನಾವು ಬೈಯುವುದು ಬಿಟ್ಟು ಬೇರೇನೂ ಮಾಡಿದವರಲ್ಲ.

ಅಂಕ ಕೊಡುವ ಮೇಷ್ಟ್ರೂ ಧಾರಾಳಿ. ನಮ್ಮ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಸೊನ್ನೆಯಿಂದ 50ರ ತನಕ ‘ಉತ್ತಮ’. ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ 30 ಮೈಕ್ರೊಗ್ರಾಂ ಮುಟ್ಟಿದರೂ ಫಸ್ಟ್ ಕ್ಲಾಸೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನದ ಸರಾಸರಿ 15 ದಾಟಬಾರದು ಎಂದಿತು. ಅವರಿಗೆ ನಮ್ಮ ಶ್ವಾಸಕೋಶದ ತಾಕತ್ತು ಗೊತ್ತಿಲ್ಲ, ಪಾಪ.

ಇನ್ನು ಅಳೆಯುವ ಯಂತ್ರ. ಅದನ್ನು ಸ್ಟುವರ್ಟ್ ಹಿಲ್‌ನಲ್ಲಿ ಇಟ್ಟಿದ್ದಾರೆ. ಪೇಟೆಯ ಕಸವೆಲ್ಲ ಲಾರಿ ಹತ್ತಿ ಹೋಗಿ ಬೀಳುತ್ತ ಬಂದದ್ದೂ ಅದೇ ಸ್ಟುವರ್ಟ್ ಹಿಲ್‌ಗೆ. ಒಂದೇ ಗುಡ್ಡಕ್ಕೆ ಕಳ್ಳನನ್ನೂ ಪೊಲೀಸನನ್ನೂ ಕಳಿಸಿದ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಸುತ್ತಮುತ್ತಲಿನ ಮನೆಯವರು ಮೂಗು ಮುಚ್ಚಿಕೊಂಡು ಮನವಿ ಕೊಡುತ್ತಲೇ ಇದ್ದಾರೆ. ಆದರೆ ನಾತಕ್ಕೆ ಸೂಚ್ಯಂಕದಲ್ಲಿ ಕಾಲಂ ಇಲ್ಲ.

ಹಾಗೆಯೇ ತೋಟದ ಕಾರ್ಮಿಕರ ಲೈನ್‌ಮನೆಗೂ ಕಾಲಂ ಇಲ್ಲ. ಕಕ್ಕಡ ತಿಂಗಳ ಮಳೆಗೆ ಒಗೆದು ಹಾಕಿದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ, ಮಗುವಿನ ಸ್ವೆಟರಿನಿಂದ ಅಜ್ಜಿಯ ಸೀರೆಯ ತನಕ ಎಲ್ಲವನ್ನೂ ಹೊಗೆಗೆ ಒಡ್ಡಬೇಕು. ಒದ್ದೆ ಸೌದೆ, ಮುಚ್ಚಿದ ಕಿಟಕಿ, ಕೆಮ್ಮುವ ನಾಲ್ಕು ಜನ. ಹೊರಗೆ ದೇಶಕ್ಕೇ ಮಾದರಿಯಾದ ಗಾಳಿ ಬೀಸುತ್ತಿರುತ್ತದೆ. ಕಿಟಕಿ ತೆರೆದರೆ ಅದರ ಜೊತೆ ಮಳೆಯೂ ಒಳಗೆ ಬರುತ್ತದೆ, ಅಷ್ಟೇ ತೊಂದರೆ.

ಈ ಗಾಳಿಯ ನಿಜವಾದ ಗ್ರಾಹಕರು ಶುಕ್ರವಾರ ರಾತ್ರಿ ಬೆಂಗಳೂರು ಬಿಡುತ್ತಾರೆ. ಶನಿವಾರ ಬೆಳಗಾಗುವಷ್ಟರಲ್ಲಿ ರಾಜಾಸೀಟಿನ ರಸ್ತೆಯಲ್ಲಿ ಕಾರಿಗೆ ಕಾರು ಅಂಟಿ ನಿಂತಿರುತ್ತದೆ. ಒಳಗೆ ಎಸಿ, ಹೊರಗೆ ಡೀಸೆಲ್ ಹೊಗೆ, ಗಾಜಿನ ಆಚೆ ಅವರು ಉಸಿರಾಡಲು ಬಂದ ಗಾಳಿ.

“ಅಣ್ಣಾ, ಇಲ್ಲಿ ಮಂಜು ಎಷ್ಟೊತ್ತಿಗೆ ಬಿಡ್ತಾರೆ?” ಎಂದು ಕೇಳುವವರಿದ್ದಾರೆ.

“ಬೆಳಗ್ಗೆ ಆರಕ್ಕೆ ಸಾರ್, ಕಾಫಿ ಜೊತೆ” ಎನ್ನುವಷ್ಟು ಹೋಂಸ್ಟೇ ಹುಡುಗನೂ ಪಳಗಿದ್ದಾನೆ.

ಹೀಗೆ ಬಂದವರಿಗೆ ಕೋಣೆಯಿಂದಲೇ ಕಣಿವೆ ಕಾಣಬೇಕು. ಅದಕ್ಕೆ ಜೆಸಿಬಿ ಬಂದು ಗುಡ್ಡದ ಹೊಟ್ಟೆ ಬಗೆಯಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಕುಸಿದು ಜನ ಸತ್ತರು, ಮಂಗಳೂರು ರಸ್ತೆ ಕಡಿದುಹೋಯಿತು. ಇಳಿಜಾರನ್ನು ಕಂಡಲ್ಲಿ ಕಡಿದದ್ದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ನಾವು ಗಂಭೀರವಾಗಿ ತಲೆಯಾಡಿಸಿದೆವು. ಮಣ್ಣು ಒಣಗಿದ ಮೇಲೆ ಜೆಸಿಬಿಗೆ ಮತ್ತೆ ಡೀಸೆಲ್ ಹಾಕಿದೆವು.

ಮಳೆ ರಜೆ ಹಾಕಿ ಹೋದ ಮೇಲೆ ನಮ್ಮ ಸಾಧನೆಯ ಬಣ್ಣ ತಿಳಿಯುತ್ತದೆ. ಜನವರಿಯ ಬೆಳಗ್ಗೆ ತಂಪು ಗಾಳಿ ಭಾರವಾಗಿ ಕಣಿವೆಯಲ್ಲಿ ಕೂರುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಮುಚ್ಚಳ. ತೋಟದ ತರಗೆಲೆಗೆ ಇಟ್ಟ ಬೆಂಕಿ, ರಸ್ತೆ ಬದಿಯ ಪ್ಲಾಸ್ಟಿಕ್ ರಾಶಿಗೆ ಇಟ್ಟ ಬೆಂಕಿ, ಏರು ಹತ್ತಲಾರದೆ ಫಸ್ಟ್ ಗೇರಿನಲ್ಲಿ ಒದರುವ ಲಾರಿ, ಎಲ್ಲದರ ಹೊಗೆಯೂ ಬಿಸಿಲೇರುವ ತನಕ ಅದರಡಿಯೇ ಬಂದಿ. ಪ್ರವಾಸಿಗಳಿಗೆ ನಷ್ಟವೇನಿಲ್ಲ. ಉರಿಯುವ ಕಸದ ಮುಂದೆ ನಿಂತು ‘ಮಂಜಿನ ನಗರಿ’ ಎಂದು ಸೆಲ್ಫಿ ತೆಗೆದವರನ್ನು ಕಣ್ಣಾರೆ ಕಂಡಿದ್ದೇನೆ. ಫೋಟೊ ಚೆನ್ನಾಗಿಯೇ ಬಂದಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಡಿಗೆ ಬೆಂಕಿ ಬಿದ್ದರಂತೂ ಮಂಜಿನ ಸರಬರಾಜು ಮಧ್ಯಾಹ್ನಕ್ಕೂ ವಿಸ್ತರಿಸುತ್ತದೆ. ಆಗ ಹೂಮಳೆಗಾಗಿ ಆಕಾಶ ನೋಡುವ ಕಾಫಿ ಬೆಳೆಗಾರನ ಜೊತೆ ಗಾಳಿಯ ರ್‍ಯಾಂಕ್ ಕಾಯುವವರೂ ಕತ್ತೆತ್ತಿ ನಿಲ್ಲಬೇಕು.

ಈ ಎಲ್ಲದರಲ್ಲಿ ಸ್ಪಷ್ಟ ಗುರಿ ಇರುವುದು ಶಾಲೆ ಮಕ್ಕಳಿಗೆ ಮಾತ್ರ. ಜುಲೈನಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಆ ತಿಂಗಳು ಅವರಷ್ಟು ಜನಪ್ರಿಯರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ದೆಹಲಿಯಲ್ಲಿ ನವೆಂಬರ್ ಹೊತ್ತಿಗೆ ಗಾಳಿ ಕೆಟ್ಟು ಶಾಲೆಗೆ ಬೀಗ ಬೀಳುವುದನ್ನು ಟಿವಿಯಲ್ಲಿ ನೋಡಿದ ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ್ದಾನೆ.

“ಮಾವ, ನಮಗೆ ಚಳಿಗಾಲದಲ್ಲೂ ರಜೆ ಸಿಗ್ಬೇಕಾದ್ರೆ ಇನ್ನೆಷ್ಟು ಕಾರು ಬರ್ಬೇಕು?”