ಎಕ್ಸೆಲ್ ಕಪ್ತಾನ

ಜುಲೈಯಲ್ಲಿ ಹೊರಡುವ ಹಾಯಿದೋಣಿಗೆ ಜನವರಿಯಲ್ಲೇ ವೇಳಾಪಟ್ಟಿ ಹಾಕಿ, ಏಳು ಜನ ಗೆಳೆಯರಿಗೆ ಕಳಿಸಿ, "ನೋಡಿದಿರಾ?" ಎಂದು ವಾರಕ್ಕೊಮ್ಮೆ ಜೀವ ತಿನ್ನುವ ಮನುಷ್ಯನೊಬ್ಬ ಮೆಡಿಟರೇನಿಯನ್ ತೀರದಲ್ಲಿ ಎಲ್ಲಿ ಹೋದರೂ ಸಿಗುತ್ತಾನೆ. ಅವನನ್ನು ಎಕ್ಸೆಲ್ ಕಪ್ತಾನ ಅನ್ನೋಣ. ಚೆನ್ನಾಗಿ ಬಲಿತ ಮಾದರಿ ನೋಡಬೇಕಾದರೆ ಕ್ರೊಯೇಷಿಯಾದ ಸ್ಪ್ಲಿಟ್‌ಗೆ ಹೋಗಬೇಕು. ಬೇಸಗೆಯ ಶನಿವಾರ ಮಧ್ಯಾಹ್ನ ಅಲ್ಲಿನ ಮರೀನಾದಲ್ಲಿ ಇವರದೇ ಜಾತ್ರೆ. ಕುತ್ತಿಗೆಗೆ ನೀರು ಹೋಗದ ಚೀಲ, ಚೀಲದೊಳಗೆ ನಾವಿಕ ಪರವಾನಗಿ, ವಿಎಚ್‌ಎಫ್ ರೇಡಿಯೊ ಪ್ರಮಾಣಪತ್ರ, ಎರಡಕ್ಕೂ ಮೂರು ಮೂರು ನಕಲು. ಯಾರು ಎಲ್ಲಿ ಮಲಗಬೇಕು, ಟೊಮೆಟೊ ಎಷ್ಟು ಕಿಲೊ, ಟಾಯ್ಲೆಟ್ಟಿನ ಪಂಪು ಎಷ್ಟು ಸಲ ಒತ್ತಬೇಕು, ಎಲ್ಲಕ್ಕೂ ಒಂದೊಂದು ಚೌಕ, ಒಂದೊಂದು ಬಣ್ಣ. ಅತಿಯಾಗಿ ಯೋಜನೆ ಹಾಕುತ್ತಾನೆ ಎಂಬುದು ಇವನ ಮೇಲೆ ಎಲ್ಲರ ದೂರು. ನನ್ನ ತಕರಾರು ಬೇರೆ. ಅವನು ಊರುಗಳನ್ನು ಕೇಳಿ ಯೋಜನೆ ಹಾಕುತ್ತಾನೆ, ಕೇಳಬೇಕಾದದ್ದು ಗಾಳಿಯನ್ನು. ಅಷ್ಟೊಂದು ಕಾಲಂಗಳ ಪಟ್ಟಿಯಲ್ಲಿ ಗಾಳಿಗೆ ಮಾತ್ರ ಜಾಗವಿಲ್ಲ.

ಲೆಕ್ಕವನ್ನೇ ನೋಡಿ, ಅದು ಅವನಿಗೆ ಪ್ರಿಯವಾದ ವಿಷಯ. ಬಾಡಿಗೆ ಒಂದು ವಾರದ್ದು. ಆದರೆ ದೋಣಿ ಕೈಗೆ ಸಿಗುವುದು ಶನಿವಾರ ಸಂಜೆ 5ರ ಸುಮಾರಿಗೆ. ಸಾಮಾನು ತುಂಬಿ, ಹಗ್ಗ-ಲಂಗರು ಎಣಿಸಿ ಸಹಿ ಹಾಕುವಷ್ಟರಲ್ಲಿ ಕತ್ತಲು. ಮುಂದಿನ ಶುಕ್ರವಾರ ಸಂಜೆಗೆ ಮರಳಿ ಬಂದು ಡೀಸೆಲ್ ಸರದಿಯಲ್ಲಿ ನಿಂತಿರಬೇಕು. ವೇಗವೋ, ಗಂಟೆಗೆ 5 ನಾಟಿಕಲ್ ಮೈಲಿ, ಅಂದರೆ 9 ಕಿಲೋಮೀಟರ್ ಚಿಲ್ಲರೆ, ಸೈಕಲ್ಲಿಗಿಂತ ನಿಧಾನ. ಇಷ್ಟರೊಳಗೆ ಬ್ರಾಚ್, ಹ್ವಾರ್, ಕೊರ್ಚುಲಾ, ವಿಸ್ ದ್ವೀಪಗಳೆಲ್ಲ ಮುಗಿಯಬೇಕು. ಇಡೀ ಪಟ್ಟಿ ನಿಂತಿರುವುದು ಬಿಷೆವೊ ದ್ವೀಪದ ನೀಲಿ ಗುಹೆಯ ಮೇಲೆ. 1884ರಲ್ಲಿ ಬಂಡೆ ಒಡೆದು ಮಾಡಿದ ಅದರ ಬಾಗಿಲು ಎಷ್ಟು ತಗ್ಗೆಂದರೆ ಪುಟ್ಟ ದೋಣಿಯಲ್ಲಿ ತಲೆ ಬಗ್ಗಿಸಿಕೊಂಡೇ ಒಳಹೋಗಬೇಕು. ನೀರಿನಡಿಯ ಕಿಂಡಿಯಿಂದ ಬಿಸಿಲು ನುಗ್ಗಿ ಒಳಗೆಲ್ಲ ನೀಲಿ ಉರಿಯುವುದು ನಡುಹಗಲಿಗೆ ಮುಂಚಿನ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಮಂಗಳವಾರ 11:10ಕ್ಕೆ ಗುಹೆ. ಅದಕ್ಕಾಗಿ 9:30ಕ್ಕೆ ಟಿಕೆಟ್ ಸರದಿ. ಅದಕ್ಕಾಗಿ 7:45ಕ್ಕೆ ವಿಸ್‌ನ ಕೊಮಿಝಾದಿಂದ ಹೊರಡುವುದು. ಅದಕ್ಕಾಗಿ 6:20ಕ್ಕೆ ಕಾಫಿ, 6:40ರಿಂದ ಪಾಳಿಯ ಪ್ರಕಾರ ಶೌಚ. ಸೋಮವಾರ ಸಂಜೆ ಕವಿದ ಮೋಡದ ಬಗ್ಗೆ ಯಾರಾದರೂ ಬಾಯಿಬಿಟ್ಟರೆ ಫೋನಿನ ಪರದೆ ಮುಖಕ್ಕೇ ಬರುತ್ತದೆ: ನೋಡು, ಗುಹೆಯ ಚೌಕ ಹಸಿರು! ಮೋಡ ಹೊತ್ತು ತಂದದ್ದು ಯೂಗೊ, ಆಗ್ನೇಯದ ಗಾಳಿ. ಅವಸರವಿಲ್ಲದೆ ಏರಿ, ಕಡಲನ್ನು ಎಬ್ಬಿಸಿ, ದಿನಗಟ್ಟಲೆ ಕೂರುತ್ತದೆ. ಗುಹೆಯ ಬಾಯಿಗೆ ಅಲೆ ಬಡಿಯತೊಡಗಿದರೆ ಯಾರನ್ನೂ ಒಳಗೆ ಬಿಡುವುದಿಲ್ಲ. 11:10ಕ್ಕೆ ಕಪ್ತಾನ ದಂಡೆಯಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿರುತ್ತಾನೆ, ಕೆಟ್ಟಿರುವುದು ಅದೇ ಏನೋ ಎಂಬಂತೆ.

ಎಂಜಿನ್ ಇದೆಯಲ್ಲ, ಗಾಳಿಯ ಹಂಗೇಕೆ ಎಂದು ಅವನ ಪರ ವಾದಿಸುವವರುಂಟು. ಎದುರಲೆಯಲ್ಲಿ ಎಂಜಿನ್ ಹಾಕಿ ಹೋಗಬಹುದು, ಎಂಟು ಜನರೂ ತಿಂದದ್ದನ್ನು ಕಕ್ಕಲು ಸಿದ್ಧರಿದ್ದರೆ. ಹವೆ ಚೆನ್ನಾಗಿದ್ದರೂ ತೊಡಕು ತಪ್ಪಿದ್ದಲ್ಲ. ಬೇಸಗೆಯ ಮಾಯೆಸ್ತ್ರಾಲ್ ಗಾಳಿ ವಾಯವ್ಯದಿಂದ ಬರುತ್ತದೆ. ಮಧ್ಯಾಹ್ನ ಬಲಿತು ಸಂಜೆಗೆ ಇಳಿಯುತ್ತದೆ. ಅದನ್ನು ಬೆನ್ನಿಗೆ ಹಾಕಿಕೊಂಡು ಕೊರ್ಚುಲಾಕ್ಕೆ ಹೋಗುವುದು ಸುಖ, ಮರಳುವಾಗ ಅದೇ ಗಾಳಿ ಮುಖಕ್ಕೆ. ಹಾಯಿ ಎದುರುಗಾಳಿಗೆ ನೇರ ನುಗ್ಗಲಾರದು, ಅಂಕುಡೊಂಕಾಗಿ ಹೋಗಬೇಕು. ಪಟ್ಟಿಯಲ್ಲಿ ಮಾತ್ರ ಹೋಗುವ ದೂರವೂ ಬರುವ ದೂರವೂ ಒಂದೇ. ಇನ್ನು, ಆಗಸ್ಟಿನಲ್ಲಿ ಯೋಜನೆಯಿಲ್ಲದೆ ಹೋದರೆ ನಿಲ್ಲಲು ಜಾಗ ಸಿಕ್ಕೀತೇ ಎಂಬ ಪ್ರಶ್ನೆ. ಕಷ್ಟ. ಕಬ್ಬಿಣದ ಮುಚ್ಚಳದ ಮೇಲೆ ಕೆಂಡ ಹೇರಿ ಬೇಯಿಸುವ ಪೆಕಾ ಬೇಕಾದರೂ ಕೆಲವು ಗಂಟೆ ಮುಂಚೆ ಹೇಳಿರಬೇಕು. ಆದರೆ ಇದರಿಂದ ಸಿದ್ಧತೆ ಬೇಕೆಂದಾಯಿತು, 11:10 ಬೇಕೆಂದಾಗಲಿಲ್ಲ. ಯೂಗೊ ಬಂದರೆ ಯಾವ ಕೊಲ್ಲಿಗೆ ಹೊಗಬೇಕು, ಈಶಾನ್ಯದ ಬುರಾ ಎದ್ದರೆ ಎಲ್ಲಿಗೆ ಎಂದು ಬರೆದಿಟ್ಟುಕೊಂಡದ್ದೂ ಪಟ್ಟಿಯೇ. ಮಾತು ಕೇಳದ್ದಕ್ಕೆ ಪಟ್ಟಿ ಹಾಕಿ ಸೋತವನು ನಮ್ಮ ಕಪ್ತಾನನೇ ಮೊದಲಲ್ಲ. ಇದೇ ಸ್ಪ್ಲಿಟ್‌ನಲ್ಲಿ ಅರಮನೆ ಕಟ್ಟಿಸಿಕೊಂಡ ರೋಮನ್ ಚಕ್ರವರ್ತಿ ಡಯೊಕ್ಲಿಷಿಯನ್ 301ರಲ್ಲಿ ಸಾವಿರಕ್ಕೂ ಹೆಚ್ಚು ಬಾಬತ್ತುಗಳಿಗೆ, ಹಡಗಿನ ಸಾಗಾಟದ ದರವೂ ಸೇರಿ, ಗರಿಷ್ಠ ಬೆಲೆ ಗೊತ್ತುಮಾಡಿದ. ಮಾರುಕಟ್ಟೆ ಕೇಳಲಿಲ್ಲ. 305ರಲ್ಲಿ ಪಟ್ಟ ಬಿಟ್ಟು ಬಂದು ತರಕಾರಿ ಬೆಳೆದುಕೊಂಡಿದ್ದ. ಆ ಅರಮನೆಗೆ ನಮ್ಮ ಕಪ್ತಾನ ಕೊಡುವುದು 40 ನಿಮಿಷ.

ಅವನಿಲ್ಲದಿದ್ದರೆ ಯಾರೂ ಹೊರಡುತ್ತಲೇ ಇರಲಿಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಜನವರಿಯಲ್ಲಿ "ಎಲ್ಲಾದರೂ ಸರಿ, ನೀನೇ ನೋಡಿಕೋ" ಎಂದವರೇ ಜುಲೈಯಲ್ಲಿ ಡೆಕ್ಕಿನ ಮೇಲೆ ಮಲಗಿ ಅವನ ಬಣ್ಣದ ಚೌಕಗಳನ್ನು ಆಡಿಕೊಳ್ಳುತ್ತಾರೆ. ವ್ಯಕ್ತಿಚಿತ್ರ ಬರೆಯುವವರೂ ಆ ಗುಂಪಿನವರೇ. ಎಂಟು ಜನರ ರಜೆ, ದುಡ್ಡು, ಹೊಟ್ಟೆ ಎಲ್ಲ ಅವನ ತಲೆಯ ಮೇಲೆ. ಗಾಳಿ ಹೇಳಿದ ಮಾತು ಕೇಳದೆಂದು ಅವನಿಗೂ ಗೊತ್ತಿರಬಹುದು. ಗೊತ್ತಿದ್ದೇ, ಕೈಗೆ ಸಿಗುವ ಟೊಮೆಟೊ ಎಣಿಸುತ್ತಿರಬಹುದು. ಲಂಗರು ಜಾರಿತೇ ಎಂದು ರಾತ್ರಿ ಎರಡಕ್ಕೆ ಎದ್ದು ಟಾರ್ಚ್ ಬಿಡುವವನು ಅವನೊಬ್ಬನೇ. ಶುಕ್ರವಾರ ಮುಳುಗುಗಾರ ದೋಣಿಯ ತಳ ಪರೀಕ್ಷಿಸಿ ಮೇಲೆ ಬರುವವರೆಗೆ, ಠೇವಣಿ ವಾಪಸಾಗಬೇಕಲ್ಲ ಎಂದು, ಕಟ್ಟೆಯ ಮೇಲೆ ಕಾಯುವವನೂ ಅವನೇ. ಉಳಿದ ಏಳು ಜನ ಅಷ್ಟು ಹೊತ್ತಿಗೆ ಕಾಫಿ ಅಂಗಡಿಯಲ್ಲಿ ಕೂತು, ಗುಹೆ ತೋರಿಸದೆ ಕರೆತಂದನೆಂದು ಅವನನ್ನು ಬೈಯುತ್ತಿರುತ್ತಾರೆ.